ಮಫ್ತೂಹಾಳ ಮದುವೆಬುಟ್ಟಿಗಳು

ಮಫ್ತೂಹಾ ಯಾರ ಮನೆಯ ಗೋಡೆಯನ್ನೂ ಹೋದ ದಿನವೇ ಮುಟ್ಟುತ್ತಿರಲಿಲ್ಲ. ಮದುವೆ ಗೊತ್ತಾದ ಮನೆಯವರೋ, ಹೊಸದಾಗಿ ಸುಣ್ಣ ಬಳಿಸಿದವರೋ ಗೋಡೆ ಸಿಂಗರಿಸಲು ಹೇಳಿಕಳಿಸಿದರೆ ಮೊದಲ ದಿನ ಬರಿಗೈಯಲ್ಲಿ ಹೋಗುತ್ತಿದ್ದಳು. ಬಾಗಿಲ ಹಿಂದಿನ ಚಿಕ್ಕ ಕಟ್ಟೆಯನ್ನು ಆರಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಹಾಲು ಬೆರೆಸಿದ ಕಾಫಿಸಿಪ್ಪೆಯ ಕಷಾಯ ಬರುತ್ತಿತ್ತು. ಅದನ್ನು ಗುಟುಕು ಗುಟುಕಾಗಿ ಕುಡಿಯುತ್ತ ಮಳೆಯ ಮಾತು, ಮೊಣಕಾಲು ನೋವಿನ ಮಾತು, ಸಂತೆಯಲ್ಲಿ ಜಗಿಯುವ ಖಾತ್ ಎಲೆ ಬಾಡಿಹೋದ ಮಾತು. ಗೋಡೆಯ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಮನೆಯ ಹೆಂಗಸು ಎಲ್ಲಿ ಕೂರುತ್ತಾಳೆ, ನಕ್ಕಾಗ ಬಾಯಿ ಮುಚ್ಚಿಕೊಳ್ಳುತ್ತಾಳೋ ಇಲ್ಲವೋ, ಗಂಡ ಒಳಗೆ ಬಂದಾಗ ಅವಳ ದನಿ ಏರುತ್ತದೋ ಇಳಿಯುತ್ತದೋ, ಇಷ್ಟನ್ನು ನೋಡಿಕೊಂಡು ಎದ್ದುಬರುತ್ತಿದ್ದಳು.

ಹರಾರ್ ಪಟ್ಟಣದ ಕೋಟೆಯೊಳಗಿನ ಹಳೆಯ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂಥವು. ಅಂಗಳ ದಾಟಿದರೆ ನಡುಮನೆ. ನಡುಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಕೆಮ್ಮಣ್ಣಿನ ಕಟ್ಟೆಗಳು. ಎದುರಿನ ಬಿಳಿಗೋಡೆಯಲ್ಲಿ ಸಾಲು ಗೂಡುಗಳು. ಕಣ್ಣು ಕಟ್ಟಿ ಯಾವ ಮನೆಯೊಳಗೆ ಬಿಟ್ಟರೂ ಊರಿನವರು ಎಡವುವುದಿಲ್ಲ. ಇದು ಯಾರ ಮನೆ ಎಂದು ತಿಳಿಯಬೇಕಾದರೆ ಮಾತ್ರ ಕಣ್ಣು ಬಿಚ್ಚಿ ಗೋಡೆ ನೋಡಬೇಕು. ಗೋಡೆಯ ಮೇಲಿನ ಸಾಮಾನಾದರೂ ಎಲ್ಲರದೂ ಒಂದೇ: ಹುಲ್ಲಿನಲ್ಲಿ ಹೆಣೆದ ಬಣ್ಣದ ಬುಟ್ಟಿಗಳು, ಹೂವಿನ ಚಿತ್ರದ ಎನಾಮಲ್ ತಟ್ಟೆಗಳು, ಕರಿಮರದ ಬಟ್ಟಲುಗಳು.

"ಸಾಮಾನು ಒಂದೇ ಆದ್ರೇನು, ಮುಖ ಒಂದೇನಾ?" ಎನ್ನುತ್ತಿದ್ದಳು ಮಫ್ತೂಹಾ. "ಮನೆಯವಳ ಮುಖ ಗೋಡೆಗೆ ಬರಬೇಕು. ಬರಲಿಲ್ಲ ಅಂದ್ರೆ ಅದು ಅಂಗಡಿ."

ಸಕ್ಕರೆ ವ್ಯಾಪಾರಿಯ ಹೆಂಡತಿ ತೌಹೀದಾ ಉಸಿರು ತೆಗೆದುಕೊಳ್ಳಲೂ ಮಾತು ನಿಲ್ಲಿಸದವಳು. ಅವಳ ಗೋಡೆಯಲ್ಲಿ ಅಂಗೈಯಗಲ ಜಾಗ ಬಿಡದೆ ತಟ್ಟೆಯ ಪಕ್ಕಕ್ಕೆ ತಟ್ಟೆ, ಬುಟ್ಟಿಯ ಮೇಲೆ ಬುಟ್ಟಿ ತುಂಬಿದಳು. ನೋಡಿದವರಿಗೆಲ್ಲ ನಗು, ತೌಹೀದಾಳಿಗೆ ಮಾತ್ರ ಆನಂದ. ಕೈ ಬಿಗಿಯಾದ ಹಾಜಿಯೊಬ್ಬರ ಮನೆಯಲ್ಲಿ ಚಂದದ ತಟ್ಟೆಗಳನ್ನೆಲ್ಲ ಸೂರಿಗೆ ತಾಗುವಷ್ಟು ಎತ್ತರದಲ್ಲಿ ತೂಗುಹಾಕಿದಳು. "ಯಾರೂ ಎರವಲು ಕೇಳೋ ಹಾಗಿಲ್ಲ" ಎಂದು ಹಾಜಿ ಸಂತೋಷಪಟ್ಟರು. ಗಂಡ ಸತ್ತು ಮಾತು ಬಿಟ್ಟಿದ್ದ ಲಾರಿ ಡ್ರೈವರನ ಹೆಂಡತಿಯ ಮನೆಗೆ ಎಷ್ಟೋ ದಿನ ಹೋಗಿ ಕೂತು ಬಂದು, ಕೊನೆಗೆ ಬುಟ್ಟಿಗಳನ್ನೆಲ್ಲ ಒಂದೇ ಮಗ್ಗುಲಿಗೆ ಸರಿಸಿ, ಇನ್ನೊಂದು ಮಗ್ಗುಲನ್ನು ಬರೀ ಸುಣ್ಣಕ್ಕೆ ಬಿಟ್ಟಳು. ಆ ಹೆಂಗಸು ಬರಿಗೋಡೆಯ ಕಡೆ ತಿರುಗಿ ಮೊದಲ ಸಲ ಅತ್ತಳು.

ಈ ಕೆಲಸಕ್ಕೆಲ್ಲ ಜೊತೆಗಾತಿ ಶಂಸಿಯಾ. ಇಬ್ಬರೂ ಹುಡುಗಿಯರಾಗಿದ್ದಾಗ ಒಂದೇ ಗುರುವಮ್ಮನ ಅಂಗಳದಲ್ಲಿ ಕೂತು ಬುಟ್ಟಿ ಹೆಣೆಯಲು ಕಲಿತವರು. ಈಗ ಶಂಸಿಯಾ ಮೂರು ಮಕ್ಕಳ ತಾಯಿ, ವಿಧವೆ. ನಾಲಿಗೆ ಮಾತ್ರ ಹದಿನಾರರದ್ದು. ಮಫ್ತೂಹಾಳಿಗೆ ಮದುವೆಯಾಗಿರಲಿಲ್ಲ. ತಮ್ಮ ಅಬ್ದೋಶನ ಮನೆಯಲ್ಲಿ, ಅಂದರೆ ಅಪ್ಪ ಕಟ್ಟಿಸಿದ ಅದೇ ಮನೆಯಲ್ಲಿ ಇದ್ದಳು. ಊರಿನ ಅರ್ಧ ಗೋಡೆಗಳು ಅವಳ ಕೈಯಲ್ಲಿ ಮುಖ ಪಡೆದಿದ್ದವು. ಅವಳದು ಅಂತ ಒಂದು ಗೋಡೆ ಇರಲಿಲ್ಲ. ಆ ಊರಿನಲ್ಲಿ ಹೆಣ್ಣಿಗೆ ಗೋಡೆ ಬರುವುದು ಮದುವೆಯಿಂದ.

ಬಾಗಿಲ ಮೇಲಿನ ಹಲಗೆಯಲ್ಲಿ ಸುತ್ತಿಟ್ಟ ರತ್ನಗಂಬಳಿ ಇದ್ದರೆ ಆ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ ಎಂದರ್ಥ. ಒಂದು ಸುರುಳಿಗೆ ಒಬ್ಬಳು. ಮದುವೆಯ ದಿನ ಸುರುಳಿ ಇಳಿಯುತ್ತದೆ. ಅಬ್ದೋಶನ ಬಾಗಿಲ ಮೇಲೆ ಎರಡಿದ್ದವು. ಒಂದು ಅವನ ಮಗಳು ಇಮ್ತಿಯಾಜಳದ್ದು, ಹೊಸದು. ಅದರ ಹಿಂದೆ, ಗೋಡೆಗೆ ಒತ್ತಿಕೊಂಡು, ಮಾಸಲು ಬಣ್ಣದ ದಪ್ಪನೆಯದೊಂದು. ಅದು ಎಷ್ಟು ಕಾಲದಿಂದ ಅಲ್ಲಿತ್ತೆಂದರೆ ಮನೆಯವರ ಕಣ್ಣಿಗೆ ಅದು ತೊಲೆಯ ಹಾಗೆ, ಕಿಟಕಿಯ ಹಾಗೆ ಆಗಿಹೋಗಿತ್ತು.

ತೌಫೀಕನ ಕಡೆಯ ಹೆಂಗಸರು ಇಮ್ತಿಯಾಜಳನ್ನು ಕೇಳಲು ಬಂದ ದಿನ ಅದು ಎಲ್ಲರ ಕಣ್ಣಿಗೆ ಬಿತ್ತು. ತೌಫೀಕನ ತಾಯಿ ರೌದಾ ಗಂಭೀರದ ಹೆಂಗಸು. ಅವಳ ತಂಗಿಗೆ ಆ ಕಾಟವಿರಲಿಲ್ಲ. ಒಳಗೆ ಬಂದು ಕಟ್ಟೆಯ ಮೇಲೆ ಕೂತವಳೇ ಬಾಗಿಲ ಮೇಲೆ ನೋಡಿದಳು.

"ಅಯ್ಯೋ, ಎರಡು ಸುರುಳಿ ಇವೆಯಲ್ಲೇ ಅಕ್ಕಾ! ನಾವು ಯಾವುದನ್ನ ಕೇಳೋಕೆ ಬಂದಿದ್ದು?"

"ದಪ್ಪಗಿರೋದನ್ನೇ ಕೇಳು" ಎಂದಳು ಇನ್ನೊಬ್ಬಳು. "ಬಾಳಿಕೆ ಬರುತ್ತೆ."

ಎಲ್ಲರೂ ನಕ್ಕರು. ಮಫ್ತೂಹಾ ಕಾಫಿ ಬಟ್ಟಲುಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ದಪ್ಪಗಿರೋದು ನಂದು" ಎಂದಳು ತಾನೂ ನಗುತ್ತ. "ಬೇಡ ಬಿಡಿ. ಇಳಿಸಿದ್ರೆ ನಿಮ್ಮ ಹೊಸ ಶಾಲಿನ ಮೇಲೆಲ್ಲ ಧೂಳು."

ಇನ್ನೂ ಜೋರಾಗಿ ನಕ್ಕರು. ಆಮೇಲೆ ಒಬ್ಬೊಬ್ಬರಿಗೇ ಅರ್ಥವಾಗುತ್ತ ಬಂದು ನಗು ಅಲ್ಲಲ್ಲೇ ನಿಂತುಹೋಯಿತು. ರೌದಾ ತಂಗಿಯ ತೊಡೆ ಚಿವುಟಿದ್ದು ಎಲ್ಲರಿಗೂ ಕಂಡಿತು. ಮಫ್ತೂಹಾ ಬಟ್ಟಲುಗಳನ್ನು ಒಂದೊಂದಾಗಿ ಕೊಟ್ಟಳು.

ಅವರೆಲ್ಲ ಹೋದ ಮೇಲೆ ಅಬ್ದೋಶನ ಹೆಂಡತಿ ನೆಜಿಯಾ ಬಟ್ಟಲು ತೊಳೆಯುತ್ತ ತೊಳೆಯುತ್ತ ಒಂದನ್ನೇ ಬಹಳ ಹೊತ್ತು ಉಜ್ಜಿದಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ."

"ಹೇಳು."

"ಮಾತು ಗಟ್ಟಿಯಾಗೋ ದಿನ ಇನ್ನೂ ಜನ ಬರ್ತಾರೆ. ಅಫೋಚಾದ ಹೆಂಗಸರೆಲ್ಲ ಬರ್ತಾರೆ. ಮತ್ತೆ ಯಾರಾದ್ರೂ ಏನಾದ್ರೂ ಅಂದ್ರೆ... ನಿಮಗೆ ಬೇಜಾರಾಗುತ್ತೆ ಅಂತ ಅಷ್ಟೆ."

ಕೇರಿಯ ಮದುವೆಗೂ ಸಾವಿಗೂ ಕೈಜೋಡಿಸುವ ಹೆಂಗಸರ ಕೂಟ ಅಫೋಚಾ. ಅಲ್ಲಿ ಆಡಿದ ಮಾತು ಸಂಜೆಯೊಳಗೆ ಕೋಟೆಯ ಐದೂ ಬಾಗಿಲು ದಾಟುತ್ತದೆ. ಅಬ್ದೋಶ್ ಪಕ್ಕದ ಕಟ್ಟೆಯಲ್ಲಿ ಕೂತಿದ್ದವನು ಏನೂ ಕೇಳಿಸದವನಂತೆ ಖಾತ್ ಕಡ್ಡಿಯಿಂದ ಎಲೆ ಬಿಡಿಸುತ್ತಿದ್ದ. ಎಲೆ ಮುಗಿದ ಮೇಲೂ ಬರಿಗಡ್ಡಿಯನ್ನು ಬೆರಳಲ್ಲಿ ಸವರುತ್ತಲೇ ಇದ್ದ.

"ನಾಳೆ ಇಳಿಸ್ತೀನಿ" ಎಂದಳು ಮಫ್ತೂಹಾ. "ಇವತ್ತು ಮೊಣಕಾಲು ಮಾತು ಕೇಳ್ತಿಲ್ಲ."

ಆ ಸುರುಳಿಯನ್ನು ಏರಿಸಿದ್ದು ಅವಳ ತಾಯಿ. ಪುಸ್ತಕಕ್ಕೆ ತೊಗಲಿನ ರಟ್ಟು ಕಟ್ಟುವವರ ಮಗ ಬದ್ರಿಗೆ ಮಾತಾಗಿತ್ತು. ಬದ್ರಿ ಮೆಲುದನಿಯವನು; ಬೀದಿಯಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದ. ಅದು ಯುದ್ಧದ ವರ್ಷ. ಗಂಡುಹುಡುಗರನ್ನು ಸೈನ್ಯಕ್ಕೆಂದು ಮನೆಮನೆಯಿಂದ ಎಳೆದುಕೊಂಡು ಹೋಗುತ್ತಿದ್ದರು. ಬದ್ರಿ ಒಂದು ಲಾರಿಯಲ್ಲಿ ಈರುಳ್ಳಿ ಮೂಟೆಗಳ ನಡುವೆ ಗಡಿಯಾಚೆ ಜಿಬೂತಿಗೆ ಹೋದ. ಎಲ್ಲ ತಣ್ಣಗಾದ ಮೇಲೆ ಬರುತ್ತೇನೆಂದು ಹೇಳಿಕಳಿಸಿದ. ಎಲ್ಲ ತಣ್ಣಗಾಗಲು ಬಹಳ ಕಾಲ ಹಿಡಿಯಿತು. ಜೆದ್ದಾದಿಂದ ಬಂದ ಯಾರೋ ಅವನಿಗಲ್ಲಿ ಮದುವೆಯಾಗಿದೆ ಎಂದರು. ತಾಯಿ ಸಿಟ್ಟಾಗಲಿಲ್ಲ. "ಇನ್ನೊಬ್ಬ ಬರ್ತಾನೆ, ಸುರುಳಿ ಅಲ್ಲೇ ಇರ್ಲಿ" ಎಂದಳು. ಬಂದರು ಕೂಡ, ಒಬ್ಬಿಬ್ಬರು. ಅಷ್ಟರಲ್ಲಿ ತಾಯಿಯ ಬಲಗೈ ಬಲಗಾಲು ಬಿದ್ದುಹೋದವು. ಮುದುಕಿಯನ್ನು ಎತ್ತಿ ಕೂರಿಸಿ ಉಣ್ಣಿಸುವ ಮಗಳನ್ನು ಯಾರು ಬಿಟ್ಟುಕೊಡುತ್ತಾರೆ? ಯಾರೂ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಹಾಗೆಯೇ ಕೂದಲು ನೆರೆಯಿತು.

ಮರುದಿನ ಬೆಳಿಗ್ಗೆ ಮಣೆಯ ಮೇಲೆ ಮಣೆ ಇಟ್ಟು ಹತ್ತಿ ಸುರುಳಿಯನ್ನು ಇಳಿಸಿ ಅಂಗಳದಲ್ಲಿ ಬಿಚ್ಚಿದಳು. ಕಂಬಳಿ ನೆಲಕ್ಕೆ ಹಾಸಿಕೊಳ್ಳಲಿಲ್ಲ. ಒಂದು ತುದಿಯ ಮೇಲೆ ಕಲ್ಲಿಟ್ಟರೆ ಇನ್ನೊಂದು ತುದಿ ಸುತ್ತಿಕೊಂಡು ಬರುತ್ತಿತ್ತು. ಎರಡೂ ಕಡೆ ಒತ್ತಿದರೆ ನಡುವೆ ಉಬ್ಬುತ್ತಿತ್ತು. ಶಂಸಿಯಾ ಬಂದು ನೋಡಿ, ಚಪ್ಪಲಿ ಬಿಟ್ಟು ಕಂಬಳಿಯ ನಡುವೆ ಕೂತಳು.

"ಕೂತ್ಕೋ ಬಾರೇ. ನಮ್ಮ ಭಾರಕ್ಕಾದ್ರೂ ನೆಟ್ಟಗಾಗುತ್ತೆ."

ಇಬ್ಬರೂ ಬಿಸಿಲಲ್ಲಿ ಮಧ್ಯಾಹ್ನದವರೆಗೆ ಅದರ ಮೇಲೆ ಕೂತು ಮೆಂತ್ಯ ಆರಿಸಿದರು. ಎದ್ದಾಗ ಕಂಬಳಿ ಮೆಲ್ಲಗೆ ಮತ್ತೆ ಸುತ್ತಿಕೊಂಡಿತು.

ನೆಜಿಯಾಳ ನಿಜವಾದ ಚಿಂತೆ ಕಂಬಳಿಯಲ್ಲ, ಬುಟ್ಟಿಗಳು. ಮದುಮಗಳು ತಾನು ಹೆಣೆದ ಬುಟ್ಟಿಗಳ ಜೊತೆ ಗಂಡನ ಮನೆಗೆ ಹೋಗಬೇಕು. ಮದುವೆಯ ದಿನ ಹೆಂಗಸರು ಗೋಡೆಯ ಮುಂದೆ ನಿಂತು, ಯಾರ ಕೈ ಇದು ಎಂದು ಕೇಳುತ್ತಾರೆ; ಮದುಮಗಳ ಕೈ ಎಂದು ತವರಿನವರು ಹೇಳಬೇಕು. ಇಮ್ತಿಯಾಜ್ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಕೆಲಸ ಮುಗಿಸಿ ಬಂದು ಒಂದು ತಿಂಗಳು ದಬ್ಬಣ ಹಿಡಿದು ಕೂತಳು. ಹೆಣೆದದ್ದು ಒಂದು ಮಗ್ಗುಲಿಗೆ ವಾಲಿ, ಬಾಯಿ ಸೊಟ್ಟಗಾಗಿತ್ತು.

ಶಂಸಿಯಾ ಅದನ್ನು ಬೆಳಕಿಗೆ ಹಿಡಿದಳು. "ಇದು ಬುಟ್ಟಿಯೇನೇ? ಇದರಲ್ಲಿ ಗುಟ್ಟು ಇಟ್ರೂ ಸೋರಿಹೋಗುತ್ತೆ."

"ನನ್ನ ಬಿಟ್ಬಿಡಿ" ಎಂದು ಇಮ್ತಿಯಾಜ್ ಬಿದ್ದುಬಿದ್ದು ನಕ್ಕಳು. "ಅಮ್ಮಾ, ಅಂಗಡಿಯಿಂದ ತಂದ್ರಾಯ್ತು. ತೌಫೀಕ್‌ಗೆ ಬುಟ್ಟಿಗೂ ಬಕೆಟ್ಟಿಗೂ ವ್ಯತ್ಯಾಸ ಗೊತ್ತಾಗಲ್ಲ."

"ತೌಫೀಕ್‌ಗೆ ಗೊತ್ತಾಗಲ್ಲ. ಅಫೋಚಾದವರಿಗೆ ಬಾಗಿಲಲ್ಲೇ ಗೊತ್ತಾಗುತ್ತೆ. ಪ್ರವಾಸಿಗಳಿಗೆ ಮಾರೋ ಬುಟ್ಟಿ ಹೊತ್ಕೊಂಡು ಬಂದ್ಲು ಅಂತಾರೆ." ನೆಜಿಯಾ ಮಗಳ ಕಡೆ ನೋಡದೆ ಮಫ್ತೂಹಾಳ ಕಡೆ ತಿರುಗಿದಳು. ದನಿ ತಗ್ಗಿತು. "ಅಕ್ಕಾ, ನಿಮ್ಮವು ಇವೆಯಲ್ಲ."

"ಅಮ್ಮಾ!" ಇಮ್ತಿಯಾಜಳ ನಗು ಆರಿತು. "ಅದು ಮಫ್ತತ್ತೆದು. ಕೇಳಬಾರ್ದು ಅದನ್ನ."

"ಸುಮ್ನೆ ಇವೆ ಅಂತ ಕೇಳ್ದೆ. ನಾನೇನು ಕಿತ್ಕೊಳ್ತಿದ್ದೀನಾ?"

ಮಫ್ತೂಹಾ ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಅವು ಅಟ್ಟದಲ್ಲಿದ್ದವು, ಹಳೆಯ ಬಿಳಿ ಶಾಲಿನಲ್ಲಿ ಗಂಟು ಕಟ್ಟಿ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಹುಳು ಹಿಡಿಯಬಾರದೆಂದು ಗಂಟು ಬಿಚ್ಚಿ ಗಾಳಿಗಿಟ್ಟು ಮತ್ತೆ ಕಟ್ಟುತ್ತಿದ್ದಳು. ತನ್ನ ಮದುವೆಗೆಂದು ಗುರುವಮ್ಮನ ಅಂಗಳದಲ್ಲಿ ಹೆಣೆದವು. ಕೆಂಪು, ಹಸಿರು, ನೇರಳೆ ಎಳೆಗಳು. ಒಂದು ಸಾಲು ಸಡಿಲವಾದರೆ ಗುರುವಮ್ಮ ದಬ್ಬಣದಿಂದಲೇ ಬೆರಳಿಗೆ ಹೊಡೆದು ಬಿಚ್ಚಿಸುತ್ತಿದ್ದಳು. ಮಫ್ತೂಹಾಳದನ್ನು ಬಿಚ್ಚಿಸಿದ್ದು ಕಡಿಮೆ. ಈ ಬುಟ್ಟಿಗಳಿಗೆ ಅವಳು ಒಂದು ಗೋಡೆ ಕಟ್ಟಿಕೊಂಡಿದ್ದಳು, ಮನಸ್ಸಿನಲ್ಲಿ. ತಾಯಿ ಹಾಸಿಗೆ ಹಿಡಿದ ವರ್ಷಗಳಲ್ಲಿ ಪಕ್ಕದಲ್ಲಿ ಮಲಗಿ, ಎದುರಿನ ಗೋಡೆಯಿಂದ ತಾಯಿಯ ತಟ್ಟೆಗಳನ್ನು ಕಣ್ಣಲ್ಲೇ ಇಳಿಸಿ, ತನ್ನ ಬುಟ್ಟಿಗಳನ್ನು ಏರಿಸುತ್ತಿದ್ದಳು. ಜೋಡಿಯಲ್ಲಿ ದೊಡ್ಡದು ಎಡಕ್ಕೆ. ಅಲ್ಲ, ಬಲಕ್ಕೆ. ಬದ್ರಿ ಒಳಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಯಾವುದು? ಬದ್ರಿಯ ಮುಖ ಮರೆತುಹೋದ ಮೇಲೂ ಗೋಡೆ ಮರೆಯಲಿಲ್ಲ. ಯಾವ ಮೊಳೆ ಎಲ್ಲಿ ಎಂಬುದು ಕೂಡ ನೆನಪಿತ್ತು.

ನೆಜಿಯಾ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಮಫ್ತೂಹಾ ಒಪ್ಪಿದಳು. ಆದರೆ ಬುಟ್ಟಿ ಕೊಟ್ಟುಬಿಟ್ಟ ಹೆಣ್ಣು ತನಗಿನ್ನು ಮನೆಯಿಲ್ಲ ಎಂದು ತಾನೇ ಹೇಳಿದಂತೆ. ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅವಳೂ ಹೇಳಿಕೊಂಡಿರಲಿಲ್ಲ. ಕೊಡದಿದ್ದರೆ? ಗಂಟು ಅಟ್ಟದಲ್ಲೇ ಇರುತ್ತದೆ. ಅವಳು ಸತ್ತ ಮೇಲೆ ಯಾರೋ ಬಿಚ್ಚುತ್ತಾರೆ.

ಕೊನೆಗೆ ಅವಳು ಹೂಂ ಎಂದದ್ದು ತಮ್ಮನ ಹೆಂಡತಿ ನೆಜಿಯಾಳ ಮೇಲಿನ ಕನಿಕರದಿಂದಲ್ಲ, ಇಮ್ತಿಯಾಜಳ ಮೇಲಿನ ಪ್ರೀತಿಯಿಂದಲೂ ಅಲ್ಲ. ಪ್ರೀತಿ ಇತ್ತು, ಬೇಕಾದಷ್ಟಿತ್ತು. ಆದರೆ ಆ ಬುಟ್ಟಿಗಳನ್ನು ಒಂದೇ ಒಂದು ಸಲ ಗೋಡೆಯ ಮೇಲೆ ನೋಡಬೇಕು ಎಂಬ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

"ಕೊಡ್ತೀನಿ" ಎಂದಳು. "ಆದ್ರೆ ಗೋಡೆ ನಾನೊಬ್ಬಳೇ ಕಟ್ಟೋದು. ಯಾರೂ ಬರಕೂಡದು."

ತೌಫೀಕನ ಮನೆ ಕೋಟೆಯ ಬದ್ರೋ ಬಾಗಿಲ ಹತ್ತಿರ. ಅಂಗಳದ ಆಚೆ ಬದಿಯ ಹಳೆಯ ನಡುಮನೆಯನ್ನು ಹೊಸ ಜೋಡಿಗೆಂದು ಬಿಟ್ಟುಕೊಟ್ಟು, ಸುಣ್ಣ ಬಳಿದು, ಕಟ್ಟೆಗಳಿಗೆ ಹೊಸ ಕೆಮ್ಮಣ್ಣು ಸಾರಿಸಿದ್ದರು. ಶಂಸಿಯಾ ಗಂಟು ಹೊತ್ತುಕೊಂಡು ಜೊತೆಗೆ ಬಂದಳು. ಬಾಗಿಲಲ್ಲಿ ಮಫ್ತೂಹಾ ಗಂಟನ್ನು ತೆಗೆದುಕೊಂಡಳು.

"ನೀನು ಹೋಗು. ನಿನ್ನ ಒಲೆ ಮೇಲೆ ಸಾರಿದೆ."

"ನನ್ನ ಒಲೆ ಮೇಲೆ ಏನೂ ಇಲ್ಲ" ಎಂದ ಶಂಸಿಯಾ ಗೆಳತಿಯ ಮುಖ ನೋಡಿದಳು. "ಸರಿ, ಇದೆ. ಮರೆತಿದ್ದೆ. ಹೊತ್ತಿಹೋಗ್ತಿರಬೇಕು." ಮತ್ತೆ ತಿರುಗಿ ನೋಡದೆ ಹೋದಳು.

ಒಬ್ಬಳೇ ಆದಮೇಲೆ ಮಫ್ತೂಹಾ ಬಿಸ್ಮಿಲ್ಲಾ ಎಂದು ಮೊದಲ ಮೊಳೆ ಹೊಡೆದಳು. ಆಮೇಲೆ ಯೋಚಿಸಲೇ ಇಲ್ಲ. ಕೈಗೆ ಗೊತ್ತಿತ್ತು. ನಡುಗೂಡಿನ ಮೇಲೆ ಮುಚ್ಚಳದ ಎತ್ತರದ ಬುಟ್ಟಿ. ಅದರ ಎರಡೂ ಕಡೆ ಜೋಡಿ ಬುಟ್ಟಿಗಳು, ದೊಡ್ಡದು ಬಲಕ್ಕೆ. ಕೆಳಗೆ ನೇರಳೆ ಅಂಚಿನವು ಇಳಿಜಾರಾಗಿ, ಬಾಗಿಲಿಂದ ಬಂದವರ ಕಣ್ಣನ್ನು ಮೆಲ್ಲಗೆ ಕಟ್ಟೆಯ ಕಡೆ ತರುವಂತೆ. ತೀರ ಚಿಕ್ಕವನ್ನು ಮಲಗುವ ಮೂಲೆಯ ಹತ್ತಿರ, ಮಲಗಿದಲ್ಲಿಂದ ಮಾತ್ರ ಕಾಣುವಷ್ಟು ಕೆಳಗೆ. ಎಲ್ಲ ಮುಗಿದಾಗ ಬೆವರು ಒರೆಸಿಕೊಂಡು, ಮೇಲಿನ ಕಟ್ಟೆಯ ಮೇಲೆ, ಮನೆಯೊಡತಿ ಕೂರುವ ಜಾಗದಲ್ಲಿ ಕೂತಳು. ಬೇರೆಯವರ ಮನೆಯಲ್ಲಿ ಅವಳು ಎಂದೂ ಅಲ್ಲಿ ಕೂತವಳಲ್ಲ.

ಗೋಡೆ ಅವಳು ನೆನೆದದ್ದಕ್ಕಿಂತ ಚೆನ್ನಾಗಿತ್ತು. ಬೆಳಕನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಾಗಿಲಿನಿಂದ ಬಂದ ಬಿಸಿಲು ಕೆಮ್ಮಣ್ಣಿಗೆ ಬಿದ್ದು, ಅಲ್ಲಿಂದ ಎದ್ದು, ಬುಟ್ಟಿಗಳ ತಳದಲ್ಲೆಲ್ಲ ನಸುಗೆಂಪಾಗಿತ್ತು.

ಬಾಗಿಲಲ್ಲಿ ಕೋಲಿನ ಸದ್ದಾಯಿತು. ತೌಫೀಕನ ಅಜ್ಜಿ. ಕಣ್ಣು ಮಂಜಾದ ಮುದುಕಿ. ಹೊಸಲು ದಾಟಿ ಎರಡು ಹೆಜ್ಜೆ ಇಟ್ಟವಳು ತಲೆಯೆತ್ತಿ ಗೋಡೆ ನೋಡಿ ತಟ್ಟನೆ ನಿಂತಳು.

"ಕ್ಷಮಿಸಮ್ಮ" ಎಂದಳು ಗಾಬರಿಯಾಗಿ. "ನಮ್ಮ ಮನೆ ಅಂತ ನುಗ್ಗಿಬಿಟ್ಟೆ. ಕಣ್ಣು ಸರಿಯಿಲ್ಲ ನೋಡು. ನಿನ್ನ ಮನೆಗೆ ಹೇಳದೆ ಕೇಳದೆ ಬಂದೆ."

ಇದು ನಿಮ್ಮದೇ ಮನೆ ಅಜ್ಜಿ ಎನ್ನಬೇಕಾಗಿತ್ತು. ಮಾತು ನಾಲಿಗೆಯವರೆಗೂ ಬಂತು.

"ಪರವಾಗಿಲ್ಲ, ಬನ್ನಿ" ಎಂದಳು ಮಫ್ತೂಹಾ. "ಬಂದವರು ಹಾಗೇ ಹೋಗಬಾರ್ದು. ಕೂತ್ಕೊಳ್ಳಿ."

ಕೈ ಹಿಡಿದು ಕೂರಿಸಿದಳು. ತಾನು ತಂದಿದ್ದ ಫ್ಲಾಸ್ಕಿನಿಂದ ಮುಚ್ಚಳಕ್ಕೆ ಕಷಾಯ ಬಗ್ಗಿಸಿ ಕೊಟ್ಟಳು. ಮುದುಕಿ ಊದಿ ಊದಿ ಕುಡಿದು, ಮೂಗಿನ ನೇರಕ್ಕೆ ಗೋಡೆ ನೋಡುತ್ತ ಕೂತಳು.

"ಮದುವೆಯಾಗಿ ಬಹಳ ವರ್ಷ ಆಗಿರಬೇಕು ನಿನಗೆ."

"ಬಹಳ ವರ್ಷ ಆಯ್ತು."

"ಗೊತ್ತಾಗುತ್ತೆ. ತುಂಬ ದಿನ ಬಾಳಿದ ಮನೆ ಇದು. ಗಂಡ ಒಳ್ಳೆಯವನಾ?"

"ಮೆಲ್ಲಗೆ ಮಾತಾಡ್ತಾರೆ."

"ಅದು ದೊಡ್ಡದು. ನಮ್ಮವರು ಕೋಟೆ ಆಚೆಗೂ ಕೇಳೋ ಹಾಗೆ ಕೂಗೋರು." ಮುದುಕಿ ನಕ್ಕಳು. "ಮಕ್ಕಳು?"

"ಒಬ್ಬಳು. ಅವಳ ಮದುವೆ ಈಗ."

"ಅಲ್ಲಾ ಚೆನ್ನಾಗಿಟ್ಟಿರ್ಲಿ. ನಮ್ಮನೇಲೂ ಮದುವೆ. ನಮ್ಮ ಹುಡುಗನ್ನ ತಗೊಳ್ಳೋಳು ಆಸ್ಪತ್ರೇಲಿ ಕೆಲಸ ಮಾಡ್ತಾಳಂತೆ. ನಗುಮುಖದ ಹುಡುಗಿಯಂತೆ. ಮನೆ ತುಂಬ ನಗ್ತಾ ಇದ್ರೆ ಸಾಕು ನನಗೆ, ಕಣ್ಣು ಕಾಣದಿದ್ರೂ ಕೇಳುತ್ತಲ್ಲ."

ಅಷ್ಟರಲ್ಲಿ ಅಂಗಳದಿಂದ ರೌದಾಳ ದನಿ: "ಅಮ್ಮಾ! ಎಲ್ಲಿ ಹೋದ್ರಿ ನೀವು?" ಮುದುಕಿ ಕೋಲು ಹುಡುಕಿಕೊಂಡು ಎದ್ದಳು. ಬಾಗಿಲಲ್ಲಿ ಸೊಸೆಯ ಕೈ ಹಿಡಿದು, "ಪಕ್ಕದ ಮನೆಗೆ ಹೋಗಿಬಿಟ್ಟಿದ್ದೆ ಕಣೇ, ಒಳ್ಳೆ ಹೆಂಗಸು, ಕೂರಿಸಿ ಕುಡಿಯೋಕೆ ಕೊಟ್ಲು" ಎನ್ನುತ್ತ ಹೋದಳು. ರೌದಾ "ಯಾವ ಪಕ್ಕದ ಮನೆ?" ಎನ್ನುತ್ತಿದ್ದದ್ದು ದೂರವಾಯಿತು.

ಮಫ್ತೂಹಾ ಮತ್ತೆ ಕೂರಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದಳು. ಮುದುಕಿ ತಪ್ಪಿರಲಿಲ್ಲ. ಇದು ಇಮ್ತಿಯಾಜಳ ಮನೆಯಲ್ಲ. ಆ ಹುಡುಗಿ ನಾಳೆ ಇಲ್ಲಿಗೆ ಬಂದರೆ, ಜೀವಮಾನವಿಡೀ ಇನ್ನೊಬ್ಬ ಹೆಂಗಸಿನ ಮನೆಯಲ್ಲಿ ಅತಿಥಿಯ ಹಾಗೆ ಕೂರಬೇಕು. ಬಾಗಿಲ ಹಿಂದಿನ ಚಿಕ್ಕ ಕಟ್ಟೆಯಲ್ಲಿ. ಅಲ್ಲಿ ಕೂತು ಬಾಳುವುದು ಎಂದರೇನು ಎಂದು ಮಫ್ತೂಹಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಧ್ಯಾಹ್ನದ ನಮಾಜಿನ ಕೂಗು ಕೇಳಿತು. ನಮಾಜು ಮುಗಿಸಿ, ಮಲಗುವ ಮೂಲೆಯ ಚಿಕ್ಕ ಬುಟ್ಟಿಗಳಿಂದ ಶುರುಮಾಡಿ ಎಲ್ಲವನ್ನೂ ಇಳಿಸಿದಳು. ಮೊಳೆ ಕಿತ್ತ ತೂತುಗಳಿಗೆ ಸುಣ್ಣ ತುಂಬಿದಳು. ಬರಿಗೋಡೆಯ ಮುಂದೆ ಕಣ್ಣುಮುಚ್ಚಿ ನಿಂತು ಇಮ್ತಿಯಾಜಳನ್ನು ನೆನೆದಳು. ಒಂದೆಡೆ ನೆಟ್ಟಗೆ ಕೂರದ ಹುಡುಗಿ. ಒಳಗೆ ಬರುತ್ತಲೇ ಬೀಗದಕೈ ಎಸೆಯುವವಳು. ಗಿಜಿಗಿಜಿ ಆಗದವಳು, ಊಟದ ತಟ್ಟೆಯಲ್ಲಿ ಕೂಡ ಪಲ್ಯಕ್ಕೂ ಸಾರಿಗೂ ನಡುವೆ ಜಾಗ ಬಿಡುವವಳು. ಹಸಿರು ಎಂದರೆ ಪ್ರಾಣ. ಬಾಗಿಲ ಪಕ್ಕ ಕೈಗೆಟುಕುವಲ್ಲಿ ಒಂದು ಚಪ್ಪಟೆ ಬುಟ್ಟಿ, ಬೀಗದಕೈಗೆ. ಎದುರಿಗೆ ಹಸಿರು ಎಳೆಯ ಬುಟ್ಟಿಗಳನ್ನು ಮಾತ್ರ, ಅದೂ ದೂರದೂರ, ಓಡಿಹೋಗುತ್ತಿರುವವರ ಹೆಜ್ಜೆಯ ಹಾಗೆ. ಜೋಡಿಗಳನ್ನು ಬೇರೆ ಬೇರೆ ಮಾಡಿದಳು. ಅದನ್ನು ಮಾಡುವಾಗ ಮಾತ್ರ ಕೈ ತಡೆಯಿತು. ಸುಣ್ಣದ ಬಿಳುಪು ಬೇಕಾದಷ್ಟು ಉಳಿಯಿತು. ನೇರಳೆ ಅಂಚಿನವಕ್ಕೆ ಜಾಗ ಸಿಗಲಿಲ್ಲ. ಹೊಸ ಜೋಡಿಗೆಂದು ಇಟ್ಟಿದ್ದ ಪೆಟ್ಟಿಗೆಯಲ್ಲಿ ಬಟ್ಟೆಯ ಕೆಳಗಿಟ್ಟಳು.

ಮದುವೆಯ ದಿನ ನಡುಮನೆ ಹೆಂಗಸರಿಂದ ತುಂಬಿತ್ತು. ಡೋಲು, ಮರದ ಹಲಗೆಗಳ ತಾಳ, ಧೂಪದ ಹೊಗೆ. ಇಮ್ತಿಯಾಜ್ ಕೆಂಪು ಮುಸುಕಿನೊಳಗೆ ಮೇಲಿನ ಕಟ್ಟೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಮಫ್ತೂಹಾ. ರೌದಾ ಗೋಡೆಯ ಮುಂದೆ ನಿಂತು, ಸೊಸೆಯನ್ನು ನೋಡಿ, ಮತ್ತೆ ಗೋಡೆ ನೋಡಿ, ಮೊದಲ ಸಲ ಬಾಯಿತುಂಬ ನಕ್ಕಳು.

"ಹುಡುಗಿ ಗೋಡೆ ಮೇಲೇ ಕೂತಿದ್ದಾಳೆ!"

ಆಮೇಲೆ ಅವಳ ತಂಗಿ ಒಂದು ಬುಟ್ಟಿಯನ್ನು ಮೊಳೆಯಿಂದ ತೆಗೆದು ತಲೆಯ ಮೇಲೆತ್ತಿ ಹಿಡಿದಳು. ಡೋಲು ನಿಂತಿತು.

"ಯಾರ ಕೈ ಇದು?"

ನೆಜಿಯಾ ಮಫ್ತೂಹಾಳ ಕಡೆ ನೋಡಿದಳು. ಗುರುವಮ್ಮನ ಅಂಗಳದಲ್ಲಿ ಕೂತವರು ಆ ಕೋಣೆಯಲ್ಲಿ ಇನ್ನೂ ಕೆಲವರಿದ್ದರು. ಎಲ್ಲರ ಕಣ್ಣೂ ಬುಟ್ಟಿಯ ಮೇಲೆ. ಮುಸುಕು ಅಲುಗಿತು.

"ಅದು ನಂದಲ್..."

"ಅವಳದೇ" ಎಂದಳು ಮಫ್ತೂಹಾ, ಜೋರಾಗಿ. "ನಮ್ಮ ಇಮ್ತಿಯಾಜ್‌ದೇ ಕೈ. ನನ್ನ ಕಣ್ಣ ಮುಂದೆ ಹೆಣೆದದ್ದು."

ನಡುಗುಂಪಿನಿಂದ ಶಂಸಿಯಾ ಎದ್ದಳು. ಬುಟ್ಟಿಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮಫ್ತೂಹಾಳ ಕಡೆ ಒಮ್ಮೆ ನೋಡಿದಳು. ಮುಖ ಸಿಂಡರಿಸಿದಳು.

"ಇವಳದಲ್ಲದೆ ಇನ್ಯಾರದ್ದು? ಅಂಚು ನೋಡಿ, ಬಿಗಿ ಇಲ್ಲ. ಇಲ್ಲೊಂದು ಸಾಲು ಸಡಿಲ. ಈಗಿನ ಹುಡುಗೀರ ಅವಸರ! ನಮ್ಮ ಕಾಲದಲ್ಲಾಗಿದ್ರೆ ಗುರುವಮ್ಮ ಬೆರಳು ಮುರಿದು ಬಿಚ್ಚಿಸ್ತಿದ್ಲು. ಅಲ್ವೇನೇ ಮಫ್ತೂಹಾ?"

"ಹೌದು" ಎಂದಳು ಮಫ್ತೂಹಾ. "ಬಿಚ್ಚಿಸ್ತಿದ್ಲು."

ಗುರುವಮ್ಮನ ಶಿಷ್ಯೆಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಸಡಿಲ, ಸಡಿಲ" ಎಂದಳು ಒಬ್ಬಳು. "ಆದ್ರೂ ಪರವಾಗಿಲ್ಲ, ಕಲೀತಾಳೆ" ಎಂದಳು ಇನ್ನೊಬ್ಬಳು. ರೌದಾಳ ತಂಗಿ ಬುಟ್ಟಿಯನ್ನು ಅದರ ಮೊಳೆಗೆ ಹಾಕಿದಳು. ಬುಟ್ಟಿ ಇಮ್ತಿಯಾಜಳದಾಯಿತು.

ಮುಸುಕಿನ ಕೆಳಗಿನಿಂದ ಒಂದು ಕೈ ಬಂದು ಮಫ್ತೂಹಾಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿಯಿತು. ಹುಡುಗಿ ಅಳತೊಡಗಿದಳು, ಮೊದಲು ಸದ್ದಿಲ್ಲದೆ, ಆಮೇಲೆ ಬಿಕ್ಕಿ ಬಿಕ್ಕಿ.

"ಅಳ್ತಿದ್ದಾಳೆ, ಅಳ್ತಿದ್ದಾಳೆ!" ಎಂದು ಹೆಂಗಸರು ಖುಷಿಯಿಂದ ಕೂಗಿದರು. ಮದುಮಗಳು ಅಳದಿದ್ದರೆ ಹಾಡು ಏರುವುದಿಲ್ಲ. ಡೋಲು ಮತ್ತೆ ಶುರುವಾಯಿತು. ತವರು ಬಿಟ್ಟು ಹೋಗುವವಳ ಹಾಡು. ಒಂದು ಸಾಲು ಗಂಡಿನ ಕಡೆಯವರದು, ಮರುಸಾಲು ಹೆಣ್ಣಿನ ಕಡೆಯವರದು. ಹೆಣ್ಣಿನ ಕಡೆ ದನಿಗಳು ಕಡಿಮೆ ಇದ್ದವು. ನೆಜಿಯಾ ಅಳುತ್ತಿದ್ದಳು, ಶಂಸಿಯಾ ಎಂದೂ ಇಲ್ಲದೆ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದಳು. ಮಫ್ತೂಹಾ ಹುಡುಗಿಯ ಕೈ ಬಿಡದೆ, ಮರುಸಾಲನ್ನು ಒಬ್ಬಳೇ ಎತ್ತಿಕೊಂಡಳು.